ತಿಥಿ ಫೋಟೋಗಳ ಕಾವಲುಗಾರ

ಸಾತನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನವ್ಯಶ್ರೀ ಡಿಜಿಟಲ್ ಸ್ಟುಡಿಯೋ ಇದೆ. ನವ್ಯಶ್ರೀ ಎಂಬುದು ಮಾಲೀಕ ಅನಂತರಾಜುವಿನ ಮಗಳ ಹೆಸರು. ಡಿಜಿಟಲ್ ಎಂಬುದು ಅವನ ಹೆಮ್ಮೆ. ಸುತ್ತಲಿನ ಹಳ್ಳಿಗಳಲ್ಲಿ ವಯಸ್ಸಾದವರು ಕೆನ್ನೆಯಲ್ಲಿ ಇನ್ನೂ ಒಸಿ ಮಾಂಸ ಇರುವಾಗಲೇ ಅವನ ಸ್ಟೂಲಿನ ಮೇಲೆ ಕೂತು, ತಮ್ಮ ತಿಥಿಗೆ ಬೇಕಾಗುವ ಫೋಟೋ ತೆಗೆಸಿಟ್ಟುಕೊಳ್ಳುತ್ತಾರೆ. ಹನ್ನೊಂದನೇ ದಿನ ಎಡೆ ಇಡುವುದು ಆ ಫೋಟೋದ ಮುಂದೆ. ಆದರೆ ಬದುಕಿರುವವರ ತಿಥಿ ಫೋಟೋ ಮನೆಯೊಳಗಿದ್ದರೆ ಅಪಶಕುನ. ಹಾಗಾಗಿ ಯಾರೂ ಪ್ರಿಂಟು ಒಯ್ಯುವುದಿಲ್ಲ. ‘ನಿನ್ ಕಂಪ್ಯೂಟರ್ನಾಗೇ ಇರ್ಲಿ ಕಣಪ್ಪ, ಟೈಮ್ ಬಂದಾಗ ಯಾರಾರ ಬಂದು ಈಸ್ಕೋತಾರೆ’ ಎಂದು ಹೇಳಿ ಎದ್ದುಹೋಗುತ್ತಾರೆ. ಹೀಗೆ ಎಂಟು ವರ್ಷಗಳಲ್ಲಿ ನಾನೂರಕ್ಕೂ ಹೆಚ್ಚು ಮುಖಗಳು ಸರದಿಗೆ ಕಾಯುತ್ತ ಅನಂತರಾಜುವಿನ ಹಾರ್ಡ್ ಡಿಸ್ಕಿನಲ್ಲಿ ಕೂತಿದ್ದವು.

ಇಷ್ಟು ಜನರ ಕೊನೆಯ ಮುಖ ಒಬ್ಬನ ಕೈಯಲ್ಲಿದ್ದರೆ ಅವನ ನಡಿಗೆ ಒಂದಿಷ್ಟು ಬದಲಾಗುವುದು ಸಹಜ. ಅನಂತರಾಜು ಟೀ ಅಂಗಡಿಯಲ್ಲಿ ಕೂತಾಗಲೂ ಬೆನ್ನು ಬಾಗಿಸುತ್ತಿರಲಿಲ್ಲ. ಯಾರಾದರೂ ಕೆಮ್ಮಿದರೆ ಸಾಕು, ತಿರುಗಿ ನೋಡಿ, ಇವರದು ಇದೆಯೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳುತ್ತಿದ್ದ. ಕೆಮ್ಮುವವರು ಅವನಿಲ್ಲದ ಹೊತ್ತು ನೋಡಿಕೊಂಡು ಟೀಗೆ ಬರತೊಡಗಿದ್ದರು.

ನಾಲ್ಕು ವರ್ಷದ ಹಿಂದೆ ವೈರಸ್ ಹೊಕ್ಕು ಅವನ ವಿಂಡೋಸ್ ಎರಡು ದಿನ ಏಳಲಿಲ್ಲ. ಆ ಹೆದರಿಕೆಯಲ್ಲಿ ಅವನು ವಾರಗಟ್ಟಲೆ ವಿಡಿಯೋ ನೋಡಿ, ಅದೇ ಹಾರ್ಡ್ ಡಿಸ್ಕಿನ ಒಂದು ಮೂಲೆಯನ್ನು ಬೇರೆ ಪಾಲು ಮಾಡಿ, ಅದರಲ್ಲಿ ಇನ್ನೊಂದು ಪುಟ್ಟ ಸಿಸ್ಟಮ್ ಕೂರಿಸಿದ. ಅಂದಿನಿಂದ ಸ್ವಿಚ್ ಹಾಕಿದರೆ ಪರದೆಯ ಮೇಲೆ ಎರಡು ಸಾಲು. ಮೇಲಿನದು ವಿಂಡೋಸ್, ಕೆಳಗಿನದು ರೆಸ್ಕ್ಯೂ. ಮೇಲಿನದು ಕೆಟ್ಟರೆ ಕೆಳಗಿನದನ್ನು ಒತ್ತಬೇಕು. ಅದು ಎದ್ದು ಬಂದು ಕೆಟ್ಟಿದ್ದನ್ನು ರಿಪೇರಿ ಮಾಡುತ್ತದೆ. ಸಿ.ಡಿ. ಬೇಡ, ಪೆನ್ ಡ್ರೈವ್ ಹುಡುಕುವುದು ಬೇಡ. ನಿಜಕ್ಕೂ ಎರಡು ಸಲ ಅದು ಕೆಲಸ ಮಾಡಿತು. ಅವನನ್ನು ಕೆಡಿಸಿದ್ದು ಆ ಎರಡು ಸಲ. ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದವರನ್ನೂ ನಿಲ್ಲಿಸಿಕೊಂಡು, ಕಂಪ್ಯೂಟರ್ ಆರಿಸಿ, ಹಚ್ಚಿ, ಆ ಎರಡನೇ ಸಾಲನ್ನು ತೋರಿಸಿಯೇ ಕಳಿಸುತ್ತಿದ್ದ.

ಪಕ್ಕದ ಜೆರಾಕ್ಸ್ ಅಂಗಡಿಯ ತಸ್ಲೀಮಾ ಒಂದು ದಿನ ಕೇಳಿದಳು: ‘ಅಣ್ಣ, ಕಾವಲೂ ಅದ್ರಲ್ಲೇ, ಫೋಟೋನೂ ಅದ್ರಲ್ಲೇ. ಡಿಸ್ಕೇ ಹೋದ್ರೆ? ಒಂದ್ ಕಾಪಿ ನನ್ ಅಂಗ್ಡೀಲಿ ಇಟ್ಬುಡಿ.’

‘ಜನ ನನ್ನ ನಂಬಿ ಮುಖ ಕೊಟ್ಟವ್ರೆ ಕಣಮ್ಮ, ಜೆರಾಕ್ಸ್ ಮಾಡ್ಸಕ್ಕಲ್ಲ.’

‘ಆಯ್ತು ಬುಡಿ. ನಿಮ್ ತಿಥಿಗೆ ನಿಮ್ ಫೋಟೋ ಯಾರ್ ಹುಡುಕ್ಕೊಡ್ತಾರೆ ಅಂತ ಕೇಳ್ದೆ, ಅಷ್ಟೆ.’

ಅನಂತರಾಜು ಒಂದು ವಾರ ಅವಳ ಅಂಗಡಿಯ ಕಡೆ ನೋಡಲಿಲ್ಲ.

ಎರಡು ವರ್ಷದ ಹಿಂದೆ, ಕುರಿ ಸಾಕುವ ಬೀರಯ್ಯನೂ ಅವನ ಹೆಂಡತಿ ಬೀರಮ್ಮನೂ ಒಂದೇ ದಿನ ಬಂದು ತಂತಮ್ಮ ಫೋಟೋ ತೆಗೆಸಿದ್ದರು. ಅವರಿಗೆ ಮಕ್ಕಳಿಲ್ಲ. ಮನೆಯಲ್ಲಿದ್ದದ್ದು ಬಟನ್ ಫೋನು. ಮದುವೆ ಮನೆಗಳಲ್ಲಿ ಕ್ಯಾಮೆರಾ ಕಂಡರೆ ಬೀರಮ್ಮ ಸೆರಗು ಮುಖಕ್ಕೆ ಎಳೆದುಕೊಳ್ಳುವವಳು. ಅಂದು ಚಪ್ಪಲಿ ಬಾಗಿಲಲ್ಲೇ ಬಿಟ್ಟು, ದೇವರ ಮುಂದೆ ಕೂತಂತೆ ಸ್ಟೂಲಿನ ಮೇಲೆ ಕೂತಳು.

‘ನಗಬಾರ್ದು ಕಣವ್ವ, ಇದು ತಿಥಿ ಫೋಟೋ’ ಎಂದ ಅನಂತರಾಜು.

‘ನನ್ ತಿಥೀಲಿ ನಾನ್ಯಾಕ್ಲಪ್ಪ ಅಳ್ಲಿ? ಅಳಕ್ಕೆ ಇವ್ನಿಲ್ವಾ’ ಎಂದು ಗಂಡನ ಕಡೆ ಕೈ ತೋರಿಸಿ ನಕ್ಕುಬಿಟ್ಟಳು. ಆ ನಗು ಬಂದಾಗಲೇ ಕ್ಯಾಮೆರಾ ಕ್ಲಿಕ್ಕಾಗಿತ್ತು.

‘ಇದೇ ಇರ್ಲಿ ಬುಡು’ ಎಂದಿದ್ದ ಬೀರಯ್ಯ.

ಹೋದ ಮಾಘದಲ್ಲಿ ಬೀರಮ್ಮ ಮೂರು ದಿನದ ಜ್ವರದಲ್ಲಿ ತೀರಿಕೊಂಡಳು. ನಾಲ್ಕನೇ ದಿನ ಬೀರಯ್ಯ ಸ್ಟುಡಿಯೋಗೆ ಬಂದು, ಅವಳು ಚಪ್ಪಲಿ ಬಿಟ್ಟಿದ್ದ ಜಾಗದಲ್ಲೇ ನಿಂತ.

ಕಂಪ್ಯೂಟರಿನೊಳಗೆ ಆಗಲೇ ಒಂದು ವಾರದಿಂದ ಹಲ್ಲಿ ಲೊಚಗುಟ್ಟಿದಂಥ ಸದ್ದು ಬರುತ್ತಿತ್ತು. ಅಂದು ಮೇಲಿನ ಸಾಲು ಏಳಲಿಲ್ಲ. ‘ಗಾಬರಿ ಬೇಡ ಬೀರಣ್ಣ, ಒಳಗೇ ಕಾವಲು ಐತೆ’ ಎಂದು ಅನಂತರಾಜು ಕೆಳಗಿನ ಸಾಲು ಒತ್ತಿದ. ಅದು ಅರ್ಧ ಎದ್ದು ಅಲ್ಲೇ ನಿಂತುಬಿಟ್ಟಿತು. ಮತ್ತೆ ಆರಿಸಿ ಹಚ್ಚಿದ. ರಿಪೇರಿ ಕೊಟ್ಟ. ಬೇರೆಯವನಾಗಿದ್ದರೆ ಪ್ಲಗ್ ಕಿತ್ತು ಯಾರಿಗಾದರೂ ಒಯ್ದು ತೋರಿಸುತ್ತಿದ್ದ. ಆದರೆ ಊರಿಗೆಲ್ಲ ತೋರಿಸಿದ ಎರಡನೇ ಸಾಲು ಕೈಕೊಡುತ್ತದೆಂದು ಅವನು ಒಪ್ಪುವುದು ಹೇಗೆ? ಸಂಜೆಯವರೆಗೆ ಅವನು ಹತ್ತೊಂಬತ್ತು ಸಲ ಆರಿಸಿ ಹಚ್ಚಿದ. ಬಾಗಿಲಲ್ಲಿ ಕೂತಿದ್ದ ಬೀರಯ್ಯನಿಗೆ ತಸ್ಲೀಮಾ ಎರಡು ಸಲ ಟೀ ಕೊಟ್ಟಳು. ಕೊನೆಗೆ ಪರದೆಯ ಮೇಲಿಂದ ಎರಡೂ ಸಾಲು ಹೋದವು.

ಮರುದಿನ ಅವನು ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿಗೆ ಹೋದ. ಅಲ್ಲಿಯವರು ಬಿಚ್ಚಿ ನೋಡಿದರು. ಫೋಟೋಗಳಿದ್ದ ಒಳಗಿನ ತಟ್ಟೆಯನ್ನು, ಅದನ್ನು ಓದುವ ಸೂಜಿಯೇ ಹಚ್ಚಿದಷ್ಟು ಸಲವೂ ಉಜ್ಜಿ ಪುಡಿ ಮಾಡಿತ್ತು.

‘ಮೊದಲನೇ ಸಲ ಕೈಕೊಟ್ಟಾಗಲೇ ಆಫ್ ಮಾಡಿ ತಂದಿದ್ರೆ ಬಹುಶಃ ಸಿಗ್ತಿತ್ತು ಸಾರ್’ ಎಂದರು.

ಹನ್ನೊಂದನೇ ದಿನಕ್ಕೆ ಅನಂತರಾಜು ಬರಿಗೈಯಲ್ಲಿ ಹೋಗಲಿಲ್ಲ. ಹೋಗಿದ್ದರೆ ವಾಸಿಯಿತ್ತು. ಬೀರಮ್ಮನ ಆಧಾರ್ ಕಾರ್ಡಿನ ಮಸಿ ಚಿತ್ರವನ್ನು ತಸ್ಲೀಮಾಳ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಮುಚ್ಚಿಹೋಗಿದ್ದ ಕಣ್ಣನ್ನು ತೆರೆಸಿ, ಬಣ್ಣ ತುಂಬಿ, ಒಂದು ನಗುವನ್ನೂ ಅಂಟಿಸಿ, ಗಾಜು ಹಾಕಿಸಿ ತಂದಿದ್ದ. ಬೀರಯ್ಯ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

‘ಯಾರಪ್ಪ ಈವಮ್ಮ?’

‘ಬೀರಣ್ಣ, ಅವ್ವನೇ ಕಣಣ್ಣ. ಒಸಿ ಸರಿ ಮಾಡಿವ್ನಿ.’

‘ಬ್ಯಾಡ ಕಣ್ಮಗ. ಬ್ಯಾರೆ ಹೆಂಗ್ಸಿಗೆ ಎಡೆ ಇಕ್ದಂಗಾಯ್ತದೆ.’

ಫ್ರೇಮನ್ನು ಮೆಲ್ಲಗೆ ಅವನ ಕೈಗೇ ಕೊಟ್ಟು, ಗೋಡೆಗೆ ಅವಳ ಕಂಬಳಿ ಒರಗಿಸಿ, ಅದರ ಮುಂದೆ ಮುದ್ದೆ, ಸಾರು ಇಟ್ಟ. ಕೈ ಮುಗಿಯಲು ಬಂದವರು ಎಲ್ಲಿ ನೋಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಊಟವಾದ ಮೇಲೆ ಬೀರಯ್ಯ ಕುರಿ ರೊಪ್ಪದ ಹತ್ತಿರ ಅನಂತರಾಜುವಿನ ಪಕ್ಕ ಬಂದು ನಿಂತ. ಮುಳ್ಳಿನ ಬೇಲಿಯ ಹೊರಗೆ ನಾಯಿ ಮಲಗಿತ್ತು.

‘ಅದನ್ನ ಒಳಕ್ಕೆ ಕೂಡಲ್ಲ ಕಣಪ್ಪ’ ಎಂದ. ‘ರೊಪ್ಪಕ್ಕೆ ಬೆಂಕಿ ಬಿದ್ರೆ ನಾಯೀನೂ ಬೇಯ್ತದೆ. ಕಾವ್ಲು ಒಳಗೇ ಐತೆ ಅಂತ ನೀನೇಳ್ತಿದ್ದಾಗ್ಲೇ ಅನ್ಕಂಡೆ. ಓದ್ದೋನು, ನಿಂಗ್ ಗೊತ್ತಿರ್ತದೆ ಅಂತ ಸುಮ್ಕಾದೆ.’

ಆಮೇಲೆ ಅನಂತರಾಜು ಕ್ಯಾಮೆರಾ ಹೊತ್ತು ಊರೂರು ಅಲೆದ. ಯಾರ ಮುಖಗಳು ಹೋದವೆಂಬ ಪಟ್ಟಿಯೂ ಆ ಡಿಸ್ಕಿನಲ್ಲೇ ಇದ್ದುದರಿಂದ, ಮನೆಮನೆಯ ಬಾಗಿಲಲ್ಲಿ ನಿಂತು ಕೇಳಬೇಕಾಯಿತು. ‘ಹೋಯ್ತಾ? ಒಳ್ಳೇದೇ ಆಯ್ತು, ಯಮನ್ ಪಟ್ಟೀಲೂ ನನ್ ಹೆಸ್ರು ಹೋಗಿರ್ತದೆ’ ಎಂದು ಅಕ್ಕೂರಿನ ನಂಜುಂಡಯ್ಯ ಸಿಹಿ ಕೊಟ್ಟ. ಇನ್ನು ಕೆಲವು ಮನೆಗಳಲ್ಲಿ ಅವರು ಮತ್ತೆ ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ. ಹಾಸಿಗೆ ಹಿಡಿದವರ ಈಗಿನ ಮುಖವನ್ನು ತೆಗೆಯಬೇಡ ಎಂದು ಮನೆಯವರು ಹೇಳಿದರು. ತೆಗೆದವುಗಳ ಕಾಪಿಯನ್ನು ಅವನು ಪ್ರತಿ ಶನಿವಾರ ತಾನೇ ಹೋಗಿ ತಸ್ಲೀಮಾಳ ಅಂಗಡಿಯಲ್ಲಿ ಇಟ್ಟು ಬರುತ್ತಾನೆ. ಅವಳು ಅವನಿಗೂ ಒಂದು ಟೀ ಕೊಡುತ್ತಾಳೆ. ಅದು ಅವನಿಗೆ ಹೆಚ್ಚು ಕಷ್ಟ.

ಬೀರಯ್ಯನ ಹತ್ತಿರ ಅವನು ಮೂರು ಸಲ ಹೋದ. ಮೂರನೇ ಸಲ ಬೀರಯ್ಯ ಕ್ಯಾಮೆರಾದ ಮೇಲೆ ಕೈ ಇಟ್ಟು ಕೆಳಗಿಳಿಸಿದ.

‘ಇಬ್ರೂ ಜೊತೇಲಿ ತೂಗ್‌ಹಾಕ್ಲಿ ಅಂತ ಒಂದೇ ದಿನ ತೆಗೆಸ್ಕಂಡಿದ್ವಿ ಕಣಪ್ಪ. ಅವಳ್ದಿಲ್ದಲೆ ನಂದೇನ್ ಮಾಡ್ಲಿ. ನಂಗೂ ಕಂಬ್ಳೀನೇ ಇಡ್ಲಿ ಬುಡು.’