ಇದು ಟ್ಯೂಷನ್ ಅಲ್ಲ

ಮಗಳಿಗೆ ಕೋರ್ಸ್ ಬಿಡಬೇಡ ಎಂದವನು ನಾನೇ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ ಹಾಗೆ ಹೇಳಿದೆನೇ? ಈಗ ಖಾತ್ರಿಯಿಲ್ಲ. ಆ ದಿನದ ನೆನಪಿನಲ್ಲಿ ಒಂದು ಧೂಳುಗಾಳಿಯೂ ಇದೆ; ಅದು ಬೇರೆ ವರ್ಷದ್ದು ಎನ್ನುತ್ತಾಳೆ ಹೆಂಡತಿ.

ತೊಂಬತ್ತರ ದಶಕದ ನಡುವಿನ ಮಾತು. ಬಹರೇನಿನ ಹೂರಾದಲ್ಲಿ ನಮ್ಮ ಫ್ಲ್ಯಾಟು. ಮಗಳು ಹನ್ನೊಂದನೇ ತರಗತಿ. ಬುದಯ್ಯ ರಸ್ತೆಯ ಖಾಸಗಿ ಕಾಲೇಜೊಂದರಲ್ಲಿ ಹೈಸ್ಕೂಲು ಮಕ್ಕಳೂ ಸಂಜೆ ಪದವಿಯ ಒಂದು ವಿಷಯ ಓದಬಹುದಿತ್ತು. ಪಾಸಾದರೆ ಅದರ ಕ್ರೆಡಿಟ್ ಮುಂದೆ ಪದವಿಗೆ ಸೇರುತ್ತದೆ ಎಂದರು. ಅವಳು ಸಂಖ್ಯಾಶಾಸ್ತ್ರ ಆರಿಸಿಕೊಂಡಳು. ಕಾಲೇಜಿನ ಗುರುತಿನ ಚೀಟಿ ಸಿಕ್ಕಿದ ಮರುದಿನ ನಾನು ಅದನ್ನು ಜೇಬಿನಲ್ಲಿಟ್ಟುಕೊಂಡು ಆಫೀಸಿನ ಮೂರೂ ಮಹಡಿ ತಿರುಗಿದೆ.

ಶಾಲೆಯ ಅರ್ಧವಾರ್ಷಿಕ ಪರೀಕ್ಷೆ ಬಂದಾಗ, ಮೂರು ವಾರ ಸಂಜೆ ಕ್ಲಾಸಿಗೆ ಹೋಗುವುದು ಬೇಡ ಎಂದೆ. ನಮ್ಮವರೆಲ್ಲ ಟ್ಯೂಷನ್‌ಗೆ ಮಾಡುತ್ತಿದ್ದುದು ಹಾಗೆಯೇ. ಪರೀಕ್ಷೆ ಬಂದರೆ ನಿಲ್ಲಿಸುವುದು, ಮುಗಿದ ಮೇಲೆ ಮಾಸ್ತರರು ಬಿಟ್ಟ ಪಾಠ ಮತ್ತೆ ಹೇಳಿಕೊಡುವುದು. ಇದು ಹಾಗಲ್ಲ ಎಂದು ಮಗಳು ವಾದಿಸಿದಳು. ನಾನು ಕೇಳಲಿಲ್ಲ.

ಅಲ್ಲಿ ಟಪಾಲು ಮನೆಗಲ್ಲ, ಕಂಪನಿಯ ಪೋಸ್ಟ್ ಬಾಕ್ಸಿಗೆ ಬರುತ್ತಿತ್ತು. ಒಂದು ಗುರುವಾರ ಹನ್ನೊಂದು ಗಂಟೆಗೆ, ಪಕ್ಕದ ಮುಹರ್ರಕ್ ದ್ವೀಪದ ನನ್ನ ಆಫೀಸಿನಲ್ಲಿ, ಅವಳ ಹೆಸರಿನ ಲಕೋಟೆ ಮೇಜಿಗೆ ಬಂತು. ಒಡೆದೆ. ಗೈರುಹಾಜರಿ ಮಿತಿ ಮುಟ್ಟಿದೆ, ಸೆಮಿಸ್ಟರ್ ನಡುವಿನ ಪರೀಕ್ಷೆ ತಪ್ಪಿದೆ. ಕೋರ್ಸ್ ಬಿಡುವುದಾದರೆ ಅದೇ ದಿನ ಮಧ್ಯಾಹ್ನ ಒಂದು ಗಂಟೆಗೆ ಮೊದಲು ಅರ್ಜಿ ಕೊಡಬೇಕು. ಅರ್ಜಿಯ ನಮೂನೆಯೂ ಒಳಗಿತ್ತು.

ಮನೆಯ ಕಡೆಗೆ ಸಮುದ್ರದ ಸೇತುವೆಯ ಮೇಲೆ ಎಷ್ಟು ವೇಗದಲ್ಲಿ ಹೋದೆನೋ! ಅಂದು ಶಾಲೆಗೆ ರಜೆ. ಮಗಳು ಒದ್ದೆ ಕೂದಲಲ್ಲೇ ಕಾರು ಹತ್ತಿದಳು. ಎದೆ ಹೊಡೆದುಕೊಂಡದ್ದು ಹೆದರಿಕೆಗೋ ಹುರುಪಿಗೋ, ಈಗಲೂ ಬಿಡಿಸಿ ಹೇಳಲಾರೆ.

ಕಾಲೇಜಿನ ಆಫೀಸಿನಲ್ಲಿದ್ದ ಹೆಂಗಸು ನನ್ನ ಮಾತಿನ ಧಾಟಿಯಲ್ಲೇ ನಮ್ಮ ಊರ ಕಡೆಯನ್ನು ಗುರುತು ಹಿಡಿದರು; ಅವರೂ ಅದೇ ಕಡೆಯವರು. ಅರ್ಜಿ ಯಾಕೆ, ಸುಮ್ಮನೆ ಬರುವುದು ನಿಲ್ಲಿಸಿದರೆ ಸಾಲದೇ ಎಂದೆ.

"ಇದು ಟ್ಯೂಷನ್ ಅಲ್ಲ ಮಾರಾಯ್ರೆ. ಸುಮ್ಮನೆ ನಿಲ್ಸಿದ್ರೆ ಎಫ್ ಗ್ರೇಡು. ಮತ್ತೆ ಅದನ್ನು ಅಳಿಸ್ಲಿಕ್ಕಾಗುದಿಲ್ಲ, ಇವಳು ಎಲ್ಲಿ ಓದ್ಲಿಕ್ಕೆ ಹೋದ್ರೂ ಹಿಂದೆಯೇ ಬರ್ತದೆ."

ಕ್ರೆಡಿಟ್ ಒಪ್ಪುವುದು ಬಿಡುವುದು ಮುಂದೆ ಸೇರುವ ಕಾಲೇಜಿನ ಮರ್ಜಿ ಎಂದೂ ಹೇಳಿದರು. ಸೇರಿಸುವ ಮೊದಲು ಕೇಳಬೇಕಾದದ್ದನ್ನು ನಾನು ಕೇಳಿರಲೇ ಇಲ್ಲ. ಅವಳ ಅಂಕಗಳನ್ನು ಕೇಳಿದರೆ, ಅವನ್ನು ಅವಳಿಗೆ ಮಾತ್ರ ಹೇಳುವುದು ಎಂದರು. ವೀಸಾಕ್ಕೂ ಶಾಲೆಗೂ ನನ್ನ ಸಹಿಯೇ ಬೇಕಿದ್ದ ದೇಶದಲ್ಲಿ, ಈ ಅರ್ಜಿಗೆ ಮಗಳ ಸಹಿ.

ಮುಂದುವರಿದರೆ ಏನು ದಾರಿ ಎಂದು ಅವಳು ಕೇಳಿದಳು. ಇನ್ನು ಒಂದು ಕ್ಲಾಸೂ ತಪ್ಪಿಸಬಾರದು, ತಪ್ಪಿದ ಅಂಕವನ್ನೂ ಕೊನೆಯ ಪರೀಕ್ಷೆಯಲ್ಲೇ ಗಳಿಸಬೇಕು ಎಂದರು. ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ನನ್ನ ನೆನಪಿನ ಪ್ರಕಾರ, "ಬಿಡ್ಬೇಡ, ಬರಿ" ಎಂದೆ. ಆದರೆ ಅವಳು ಹೇಳಿದ್ದರ ಬಗ್ಗೆ ಮಾತ್ರ ಅನುಮಾನವಿಲ್ಲ, ಆ ಹೆಂಗಸು ಅದಕ್ಕೆ ನಕ್ಕುಬಿಟ್ಟಿದ್ದರು.

"ಪಪ್ಪ, ಪರೀಕ್ಷೆ ಬರೆಯುದು ನಾನಲ್ವಾ? ನೀವೆಂತಕ್ಕೆ ನಡುಗುದು?"

ಆಮೇಲಿನ ಪ್ರತಿ ಕ್ಲಾಸಿಗೂ ನಾನೇ ಬಿಟ್ಟು, ಕಾದು, ಕರೆತಂದೆ. ಅವಳ ನೋಟ್ಸ್ ಕಾರಿನಲ್ಲಿ ಓದಿ, ದಾರಿಯಲ್ಲಿ ಪ್ರಶ್ನೆ ಕೇಳಿ ಬೈಸಿಕೊಂಡೆ. ಫಲಿತಾಂಶದ ಲಕೋಟೆಯೂ ಆಫೀಸಿಗೇ ಬಂತು. ಅದನ್ನು ಒಡೆಯದೆ ಮನೆಯವರೆಗೆ ತಂದದ್ದು ನನ್ನ ಜೀವಮಾನದ ಸಾಧನೆ. ಬಿ ಗ್ರೇಡು. ಅವಳು ಕಿರುಚಿದ್ದಕ್ಕೆ ಎದುರಿನ ಫ್ಲ್ಯಾಟಿನವರು ಬಾಗಿಲು ತೆರೆದರು. ನಾನು ಅವರಿಗೂ ಲಕೋಟೆ ತೋರಿಸಿದೆ.

ಕಳೆದ ವರ್ಷ ಹಳೆಯ ಫೈಲಿನಲ್ಲಿ ಆ ಅರ್ಜಿ ಸಿಕ್ಕಿತು. ಕೋರ್ಸ್ ಬಿಡಲು ಕಾರಣವೂ ಸೇರಿ ಎಲ್ಲ ಕಾಲಮ್ಮುಗಳೂ ತುಂಬಿವೆ. ಅಕ್ಷರ ನನ್ನದು. ವಿದ್ಯಾರ್ಥಿಯ ಸಹಿಯ ಜಾಗ ಖಾಲಿ.