ಜಾಡಿಯ ತಳದ ಕೆಸರು

ಲ್ಯಾಬಿನಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ಜಾಡಿಯಕ್ಕ. ಹದಿನೇಳು ವರ್ಷದಿಂದ ಅವಳ ಕೆಲಸ ಒಂದೇ: ಗಾಜಿನ ಜಾಡಿಯ ತಳಕ್ಕೆ ಕೆರೆಯ ಕೆಸರು, ಮೇಲೆ ಕೆರೆಯ ನೀರು, ಅದಕ್ಕೆ ಯಾವುದೋ ಕಾರ್ಖಾನೆ ಕಳಿಸಿದ ರಾಸಾಯನಿಕದ ನಾಲ್ಕು ಹನಿ. ಆಮೇಲೆ ಕತ್ತಲ ಕೋಣೆಯಲ್ಲಿಟ್ಟು ನೂರು ದಿನ ಕಾಯುವುದು. ಬಂದ ಸರಕನ್ನು ತೂಗಲು ಮೂರು ಪ್ರಶ್ನೆ. ಈ ಅತಿಥಿ ಬಂದಷ್ಟೇ ಬೇಗ ಹೊರಡುವವನೋ, ಇಲ್ಲೇ ಝಾಂಡಾ ಊರುವವನೋ? ಊರಿದರೆ ಮೀನಿನ ಮೈಯಲ್ಲಿ, ಮನುಷ್ಯರ ಮೈಯಲ್ಲಿ ಮನೆ ಮಾಡುತ್ತಾನೋ? ಮನೆ ಮಾಡಿದ ಮೇಲೆ ಆ ಮನೆಯನ್ನೇ ಮುರಿಯುತ್ತಾನೋ? ಮೊದಲನೆಯದಕ್ಕೇ ‘ಹೊರಡುತ್ತಾನೆ’ ಎಂಬ ಉತ್ತರ ಬಂದರೆ ಉಳಿದೆರಡನ್ನು ಯಾರೂ ಕೇಳುವುದಿಲ್ಲ. ಮೀನು ಸಾಕುವುದು ದುಬಾರಿ, ನೋಡಿ.

ಮೂರು ವರ್ಷದ ಹಿಂದೆ, ಬಟ್ಟೆಗೆ ನೀರು ಹತ್ತದಂತೆ ಮಾಡುವ ಒಂದು ದ್ರವ ಅವಳ ಜಾಡಿಗೆ ಬಂದಿತ್ತು. ನೂರನೆಯ ದಿನ ನೀರು ತೆಗೆದು ನೋಡಿದರೆ ಅದರಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಕೆಸರನ್ನೂ ಹಿಂಡಿ ನೋಡಬೇಕಿತ್ತು. ಹಿಂಡುವ ಯಂತ್ರ ಕೆಟ್ಟು ಕೂತಿತ್ತು, ಲ್ಯಾಬಿನ ಯಜಮಾನರಿಗೆ ಅವಸರವಿತ್ತು, ಅವಳ ಮಗಳಿಗೆ ಜ್ವರವಿತ್ತು. ಕೆಸರನ್ನು ಫ್ರೀಜರಿಗೆ ತಳ್ಳಿ ವರದಿಯಲ್ಲಿ ‘ನಶಿಸಿ ಹೋಗಿದೆ’ ಎಂದು ಬರೆದಳು. ಜಾಡಿಯವರಷ್ಟೇ ಮಾಡಬಲ್ಲ ತಪ್ಪು ಅದು: ನೀರಲ್ಲಿಲ್ಲ ಎಂದರೆ ಎಲ್ಲೂ ಇಲ್ಲ ಎಂದುಕೊಳ್ಳುವುದು. ಆ ಎರಡು ಪದ ರಾಸಾಯನಿಕ ಮಂಡಳಿಗೆ ಹೋಗಿ, ಮೊಹರು ಹೊಡೆಸಿಕೊಂಡು, ಕೊನೆಗೆ ಕಾರ್ಖಾನೆಯ ಶೆಡ್ಡಿನ ಗೋಡೆ ಏರಿ ಕೂತವು. ಆ ಶೆಡ್ಡಿನಲ್ಲಿ ದ್ರವದ ತೊಟ್ಟಿಗೆ ಬಟ್ಟೆ ಅದ್ದುವವನು ಅವಳ ಸ್ವಂತ ಅಣ್ಣ. ‘ನನ್ನ ತಂಗಿ ಬರೆದದ್ದು’ ಎಂದು ಬಂದವರಿಗೆಲ್ಲ ತೋರಿಸಿ, ಅವನು ಕೈಗವಸು ಬಿಚ್ಚಿಟ್ಟ. ಆ ಸೆಖೆಯಲ್ಲಿ ತಂಗಿಯಿಂದ ಅದಕ್ಕಿಂತ ದೊಡ್ಡ ಉಪಕಾರ ಇನ್ನೇನಿದ್ದೀತು?

ಈ ತಿಂಗಳು ಕಾರ್ಖಾನೆಯ ಡಾಕ್ಟರು ಅವನ ರಕ್ತ ಪರೀಕ್ಷೆ ಮಾಡಿಸಿದರು. ಮಂಗಳವಾರ ಅಣ್ಣ ಆ ಚೀಟಿಯನ್ನು ತಂಗಿಯ ಅಡುಗೆಮನೆಗೇ ತಂದ.

“ಇದೇನೇ ಇದು, ರೈಲಿನಷ್ಟು ಉದ್ದದ ಹೆಸರು? ನಿನಗೆ ಪರಿಚಯದ್ದಾ?”

ಪರಿಚಯದ್ದೇ. ಮೂರು ವರ್ಷದ ಹಿಂದೆ ಅವಳೇ ವರದಿಯಲ್ಲಿ ಬರೆದ ಹೆಸರು.

ಮರುದಿನ ಬೆಳಿಗ್ಗೆ ಫ್ರೀಜರಿನ ತಳದಿಂದ ಹಳೆಯ ಕೆಸರನ್ನು ಕೆರೆದು ತೆಗೆದು, ಹೊಸ ಯಂತ್ರಕ್ಕೆ ಹಾಕಿ ಹಿಂಡಿದಳು. ಸಂಜೆಗೆ ಪರದೆಯ ಮೇಲಿನ ಗೆರೆ ಗೋಡೆಯಂತೆ ಎದ್ದು ನಿಂತಿತು. ಕಾಗದ ಹಿಡಿದು ಯಜಮಾನರ ಕೋಣೆಗೆ ಹೋದಳು.

“ನೂರಕ್ಕೆ ತೊಂಬತ್ತನಾಲ್ಕು ಭಾಗ ಕೆಸರಲ್ಲೇ ಕೂತಿದೆ ಸರ್.”

“ಕೂತಿರಲಿ ಬಿಡಮ್ಮ. ನಾವೇನು ಕುರ್ಚಿ ಕೊಡಬೇಕಾ?” ಯಜಮಾನರು ಕನ್ನಡಕ ಒರೆಸಿಕೊಂಡರು. “ಶುಕ್ರವಾರ ಕಾರ್ಖಾನೆಯವರ ತಾತ್ಕಾಲಿಕ ಪರವಾನಗಿ ಕಾಯಂ ಆಗುತ್ತೆ. ಆಮೇಲೆ ಆ ಕಡತ ಯಾರೂ ಬಿಚ್ಚಲ್ಲ. ಎರಡು ದಿನ ಸುಮ್ಮನಿರು, ಸಾಕು.”

“ನಮ್ಮಣ್ಣನ ರಕ್ತದಲ್ಲಿದೆ ಸರ್.”

“ಅದಕ್ಕೆ ತಪ್ಪು ನನ್ನದೇ ಅಂತ ಕೈಯಾರೆ ಬರೆದು ಕೊಡ್ತೀಯಾ? ನಾಳೆಯಿಂದ ನಿನಗೆ ಜಾಡಿ ತೊಳೆಯೋ ಕೆಲಸವೂ ಸಿಗಲ್ಲ.”

“ತೊಳೆದ್ರೂ ಹೋಗಲ್ಲ ಸರ್, ಅದು ಅಂಥದ್ದು,” ಎಂದು ಅವಳು ಹೊರಟಳು.

ಶುಕ್ರವಾರ ಮಧ್ಯಾಹ್ನ ಮಂಡಳಿಯ ಕಚೇರಿಯ ಮೆಟ್ಟಿಲ ಬಳಿ ಅಣ್ಣ ಕಾದಿದ್ದ. ಮೂರು ಗಂಟೆಗೆ ಅವನ ಪಾಳಿ. ತಂಗಿ ಮಂಡಳಿಗೆ ಬರೆದ ಪತ್ರವನ್ನು ಬಾಯಲ್ಲಿ ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದ. ತಪ್ಪೊಪ್ಪಿಗೆಯ ಸಾಲು ಬಂದಾಗ ತಲೆ ಎತ್ತಲಿಲ್ಲ.

“ನನ್ನ ಮೈಯಲ್ಲಿರೋದು ಯಾವಾಗ ಹೋಗುತ್ತೆ?”

“ಅರ್ಧ ಹೋಗೋಕೆ ಆರು ವರ್ಷ ಬೇಕಾಗಬಹುದು.”

“ಇನ್ನರ್ಧ?”

“ಅದರ ಅರ್ಧಕ್ಕೆ ಮತ್ತೆ ಆರು.”

ಅಣ್ಣನಿಗೆ ಐವತ್ತಮೂರು. ಬೆರಳು ಮಡಚುತ್ತಾ ಹೋದವನು ನಡುವೆ ಎಲ್ಲೋ ಬಿಟ್ಟುಬಿಟ್ಟ. “ಭಲೇ ಬಾಡಿಗೆದಾರ. ಮಾಲೀಕ ಹೋದ ಮೇಲೂ ಮನೆ ಖಾಲಿ ಮಾಡಲ್ಲ.” ಅವಳಿಗೆ ನಗು ಬರಲಿಲ್ಲ. ಅವನು ಜೇಬಿನಿಂದ ರಕ್ತದ ಚೀಟಿ ತೆಗೆದು ಪತ್ರದ ಮೇಲಿಟ್ಟ. “ಇದನ್ನೂ ಸೇರಿಸು.”

“ಹೊರಗೆ ಕೊಡಬಾರದು ಅಂತ ಇದರ ಮೇಲೇ ಅಚ್ಚು ಹಾಕಿದ್ದಾರಲ್ಲೋ.”

“ಅಚ್ಚು ಅವರದ್ದು. ರಕ್ತ ನಂದು ತಾನೇ?”

ಕಿಟಕಿಯ ಗುಮಾಸ್ತೆ ಹಾಳೆಗಳನ್ನು ತಿರುವಿ, ಒಳಗೆ ಹೋಗಿ, ಯಾರನ್ನೋ ಕೇಳಿಕೊಂಡು ಬಂದಳು. “ಕಾಯಂ ಪರವಾನಗಿಗೆ ತಡೆ ಬಿತ್ತು,” ಎಂದಳು.

ಜಾಡಿಯಕ್ಕನಿಗೆ ಹೋದ ಜೀವ ಬಂದಂತಾಯಿತು. “ಹಾಗಾದ್ರೆ ಆ ತೊಟ್ಟಿ ನಿಲ್ಲಿಸ್ತಾರಲ್ಲ?”

“ನಿಲ್ಲಿಸೋದು ಬೇರೆ ಮಾತು. ಪರೀಕ್ಷೆ ಮೊದಲಿಂದ ಮಾಡಬೇಕು, ಈ ಸಲ ಮೀನೂ ಸೇರಿ. ಒಂದೂವರೆ ವರ್ಷ ಅಂತಿಟ್ಕೊಳ್ಳಿ. ಅಲ್ಲಿವರೆಗೆ ಹಳೇ ಪರವಾನಗಿನೇ ನಡೆಯುತ್ತೆ.”

ಅಣ್ಣ ಗೋಡೆಯ ಗಡಿಯಾರ ನೋಡಿ ಬಾಗಿಲ ಕಡೆ ನಡೆದ. ಅವಳು ಹಿಂದೆಯೇ ಓಡಿ, ರಸ್ತೆಯಲ್ಲಿ ಅವನ ತೋಳು ಹಿಡಿದಳು.

“ಇವತ್ತು ಹೋಗಬೇಡ ಕಣೋ. ನಾಳೆನೂ ಬೇಡ. ನಿನ್ನ ಕಾಲು ಹಿಡೀತೀನಿ.”

“ನಾನು ಹೋಗದಿದ್ರೆ ಪಕ್ಕದ ಸಾಲಿನವನನ್ನ ತಂದು ತೊಟ್ಟಿ ಮುಂದೆ ನಿಲ್ಲಿಸ್ತಾರೆ. ಅವನ ಮೈ ಇನ್ನೂ ಖಾಲಿ ಇದೆ.”

ಬಸ್ಸು ಬಂತು. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹತ್ತಿಕೊಂಡ.