ಅರ್ಧ ಬಾಟಲಿ ಔಷಧ ಮತ್ತು ಜವಳಿ ಅಂಗಡಿಯ ಉದ್ರಿ

ಹೋದ ವಾರ ಬೈಲಹೊಂಗಲದ ಜವಳಿ ಅಂಗಡಿಯಲ್ಲಿ ಸಾವಕಾರರು ನನಗೆ ನೀರು ಕೊಟ್ಟರು, ಎಲೆ-ಅಡಿಕೆ ಕೊಟ್ಟರು, ಒರಗಿಕೊಳ್ಳಲು ಲೋಡು ಕೊಟ್ಟರು. ಸೀರೆ ಮಾತ್ರ ಕೊಡಲಿಲ್ಲ.

ಒಬ್ಬಳೇ ಹೋಗಿದ್ದರೆ ಎದ್ದು ಬಂದುಬಿಡುತ್ತಿದ್ದೆ. ಆದರೆ ಅಂದು ಮೊಮ್ಮಗಳು ನೀಲವ್ವನ ಮದುವೆಯ ಜವಳಿ ತೆಗೆಯುವ ದಿನ. ಮುನವಳ್ಳಿಯಿಂದ ಬೀಗತಿ ಗಂಗವ್ವ ಚಕ್ಕಡಿ ಕಟ್ಟಿಸಿಕೊಂಡು ಬಂದು ನನ್ನ ಮಗ್ಗುಲಲ್ಲೇ ಕುಳಿತಿದ್ದಳು. ಮದುವೆಗೆ ಉಳಿದದ್ದು ಹನ್ನೆರಡು ದಿನ. ಬೀಗರು ಅಂಗಡಿಯಿಂದ ಬರಿಗೈಯಲ್ಲಿ ಎದ್ದು ಹೋದರೆ ಆಗುವುದೇನು? ಹೆಣ್ಣಿನ ಮನೆಯವರಿಗೆ ಸ್ವಂತ ಊರಲ್ಲೇ ಪತ್ತಿಲ್ಲ, ನಂಬಿ ಒಂದು ಸೀರೆ ಕೊಡುವವರಿಲ್ಲ ಎಂದು ಮುನವಳ್ಳಿಯೆಲ್ಲ ಆಡಿಕೊಳ್ಳುತ್ತದೆ. ಆ ಮಾತು ಹೊತ್ತುಕೊಂಡು ನೀಲವ್ವ ಜನ್ಮಪೂರ್ತಿ ಆ ಮನೆಯಲ್ಲಿ ರೊಟ್ಟಿ ಬಡಿಯಬೇಕು.

"ಇಳಕಲ್ಲ ಗಂಟು ಬಿಚ್ಚರಿ ಸಾವಕಾರ್ರ," ಎಂದೆ.

"ಅವು ತೀರಿ ಹೋಗ್ಯಾವ್ರಿ ಅವ್ವಾರ. ಈ ಸಾದಾ ನೂಲಿನವು ನೋಡ್ರಿ, ಬಾಳಿಕಿ ಬರತಾವ."

ತೀರಿಹೋದ ಗಂಟು ಮೇಲಿನ ಹಲಗೆಯ ಮೇಲೆ ನನ್ನನ್ನೇ ನೋಡುತ್ತ ಕುಳಿತಿತ್ತು. (ನನ್ನ ಕಣ್ಣು ಮಂಜಾಗಿರುವುದು ನಿಜ. ಅಷ್ಟೊಂದು ಮಂಜಾಗಿಲ್ಲ.) ಅಷ್ಟರಲ್ಲಿ ಸಾವಕಾರರು ನನ್ನ ಮಗ ಬಸಪ್ಪನನ್ನು ಮೂಲೆಗೆ ಕರೆದು ಏನೋ ಪಿಸುಗುಟ್ಟಿದರು. ಬಸಪ್ಪನ ಮುಖ ಇಳಿಯಿತು.

"ಏನದು, ನನಗ ಹೇಳ್ರಿ. ಅವನ ಕಿವಿ ಯಾಕ ಕಚ್ಚಾಕ ಹತ್ತೀರಿ?"

"ಏನಿಲ್ರಿ ಅವ್ವಾರ. ಈ ಸಲ ಉದ್ರಿ ಬ್ಯಾಡ, ರೋಖ ಕೊಟ್ರ ಚೊಲೊ ಇತ್ತು ಅಂತ."

"ಮೂವತ್ತು ವರ್ಷ ಉದ್ರಿ ಕೊಟ್ಟೀರಿ. ಹತ್ತಿ ಮಾರಿದ ಮರುದಿನ ತಂದು ಮುಟ್ಟಿಸೇನಿ. ಒಂದು ಪೈ ಉಳಿಸೇನೇನು?"

"ನಮ್ಮದು ಉಳಿಸಿಲ್ರಿ. ಎದುರಿನ ಡಾಕ್ಟರಂದು ಉಳಿಸೀರಿ."

ನಡೆದದ್ದು ಇಷ್ಟು. ಮಳೆಗಾಲದಲ್ಲಿ ನನಗೆ ಎದೆ ಕಟ್ಟಿ ಕೆಮ್ಮು ಹತ್ತಿತ್ತು. ಪೇಟೆಗೆ ಬಂದಿರುವ ಹೊಸ ಡಾಕ್ಟರು ಎರಡು ಸಲ ಮನೆಗೆ ಬಂದು, ಎದೆಗೆ ನಳಿಗೆ ಹಚ್ಚಿ ನೋಡಿ, ಒಂದು ಬಾಟಲಿ ಔಷಧ ಕೊಟ್ಟರು. ಬಾಟಲಿಯ ಮೇಲೆ ಅಂಟಿಸಿದ ಕಾಗದದ ಪಟ್ಟಿ, ಪಟ್ಟಿಗೆ ಕತ್ತರಿಯಿಂದ ಮಾಡಿದ ಎಂಟು ಕಚ್ಚು. ಹೊತ್ತಿಗೊಂದು ಕಚ್ಚಿನಷ್ಟು ಕುಡಿಯಬೇಕು. ನಾಲ್ಕನೆಯ ಕಚ್ಚಿಗೆ ಕೆಮ್ಮು ಹೋಯಿತು. ಆಮೇಲೆ ನಾಲ್ಕು ರೂಪಾಯಿಯ ಬಿಲ್ಲು ಬಂತು. ನಾನು ಎರಡು ರೂಪಾಯಿಯನ್ನೂ ಉಳಿದ ಅರ್ಧ ಬಾಟಲಿಯನ್ನೂ ಬಸಪ್ಪನ ಕೈಯಲ್ಲಿ ಕಳಿಸಿಕೊಟ್ಟೆ.

ನಗಬೇಡಿ. ನಮ್ಮ ಕಡೆ ಜವಳಿಯನ್ನು ಜಾಂಗಡ ತರುವ ರೂಢಿ ಉಂಟು. ಐದು ಸೀರೆ ಮನೆಗೆ ಒಯ್ದು, ಬಿಚ್ಚಿ ನೋಡಿ, ಎರಡು ಇಟ್ಟುಕೊಂಡು ಮೂರು ಹಿಂದಕ್ಕೆ ಕಳಿಸಿದರೆ ಎರಡರ ಬೆಲೆ ಕೊಟ್ಟರಾಯಿತು. ಈ ಸಾವಕಾರರೇ ಮೂವತ್ತು ವರ್ಷ ನನ್ನ ಜೊತೆ ಹಾಗೆ ವ್ಯವಹಾರ ಮಾಡಿದ್ದಾರೆ. ಔಷಧಕ್ಕೆ ಬೇರೆ ಕಾಯಿದೆ ಎಂದು ನನಗೆ ಯಾರು ಹೇಳಿದ್ದರು? ಮುಟ್ಟದ ನಾಲ್ಕು ಕಚ್ಚು ಹಿಂದಕ್ಕೆ ಹೋಯಿತು, ವ್ಯವಹಾರ ಮುಗಿಯಿತು ಎಂದುಕೊಂಡೆ.

ಆಮೇಲೆ ಡಾಕ್ಟರಿಂದ ಎರಡು ಚೀಟಿ ಬಂದವು. ಎರಡೂ ಇಂಗ್ಲಿಷಿನಲ್ಲಿ. ನನಗೆ ಬರುವುದು ಅಣ್ಣನ ಪಾಟಿ ನೋಡಿ ಕಲಿತ ಕನ್ನಡ ಅಷ್ಟೇ. ಚೀಟಿಯಲ್ಲಿ ಜೀರಿಗೆ ಕಟ್ಟಿಟ್ಟೆ. (ಏನು ಬರೆದಿರಬಹುದೆಂದು ಹೊಳೆಯಲಿಲ್ಲವೇ? ಹೊಳೆದಿತ್ತು. ಸುಳ್ಳು ಯಾಕೆ ಹೇಳಲಿ.)

ಡಾಕ್ಟರ ಇಂಗ್ಲಿಷು ನನಗೆ ತಿಳಿಯದಿದ್ದರೂ ಅವರ ಕಂಪೌಂಡರನ ಕನ್ನಡ ಊರಿಗೆಲ್ಲ ತಿಳಿಯುತ್ತದೆ. ಆತ ದಿನಾ ಮಧ್ಯಾಹ್ನ ಜವಳಿ ಅಂಗಡಿಯ ಕಟ್ಟೆಗೆ ಬಂದು ಎಲೆ ಹಾಕಿಕೊಳ್ಳುತ್ತಾನೆ. ಬಾಯಿ ತುಂಬ ಎಲೆ ಇದ್ದರೂ ಮಾತು ನಿಲ್ಲಿಸದ ಮನುಷ್ಯ.

ಸರಿ. ಅಂಗಡಿಯಲ್ಲಿ ಎಲ್ಲರ ಎದುರಿಗೆ ಅರ್ಧ ಬಾಟಲಿಯ ವಿಷಯ ಬಿಡಿಸಿ ಹೇಳಿದೆ. ಸಾವಕಾರರು ಗಂಟಿಗೆ ಕೈ ಹಾಕಲಿಲ್ಲ. ಅಲ್ಲಿಯ ತನಕ ಸೆರಗಿನ ಬಣ್ಣ ನೋಡುತ್ತಿದ್ದ ಗಂಗವ್ವ ತಲೆ ಎತ್ತಿದಳು.

"ಬೀಗ್ತಿಯವರ, ಕೆಮ್ಮು ಪೂರಾ ಹೋತೋ, ಅರ್ಧಾ ಹೋತೋ?"

"ಪೂರಾ ಹೋತು."

"ಹಂಗಾರ ಅರ್ಧಾ ಕೆಮ್ಮನ್ನೂ ನೀವು ವಾಪಸ್ ತಗೋಬೇಕಾಗಿತ್ತಲ್ರಿ."

ಅಂಗಡಿಯೆಲ್ಲ ನಕ್ಕಿತು. ನನಗೆ ಸಿಟ್ಟು ಬಂತು. ನಗುವೂ ಬಂತು. ಸೊಂಟದ ಚಂಚಿ ಮುಟ್ಟಿ ನೋಡಿಕೊಂಡು ಎದ್ದು, ರಸ್ತೆ ದಾಟಿ ಡಿಸ್ಪೆನ್ಸರಿಗೆ ನಡೆದೆ. "ನಾ ಬರೋತನಕ ಬೀಗ್ತಿಯನ್ನ ಏಳಗೊಡಬ್ಯಾಡ," ಎಂದು ಬಸಪ್ಪನಿಗೆ ಹೇಳಿದೆ.

ಡಾಕ್ಟರು ಎಳೆಯ ವಯಸ್ಸಿನವರು. ಎದ್ದು ನಿಂತು ಕುರ್ಚಿ ಕೊಟ್ಟರು. ನಾನು ಕೂರಲಿಲ್ಲ.

"ನಾಲ್ಕು ಕಚ್ಚು ನಾ ಮುಟ್ಟೇ ಇಲ್ಲ. ಅದಕ್ಕ ರೊಕ್ಕಾ ಯಾತರದು?"

"ಅವ್ವಾರ, ಬಾಟಲಿಂದು ಬರೇ ಆರಾಣೆ. ಉಳಿದದ್ದು ಆ ಮಳಿಯಾಗ ನಾ ಎರಡು ಸಲ ನಿಮ್ಮ ಮನೀಗೆ ಬಂದದ್ದು. ಬಂದ ಹೆಜ್ಜಿ ಹೆಂಗ ಹಿಂದಕ್ಕ ತಗೊಳ್ಳಲಿ?"

ನಾನು ಕೊಂಡದ್ದು ಬಾಟಲಿ ಎಂದುಕೊಂಡಿದ್ದೆ. ಅವರು ಮಾರಿದ್ದು ಬೇರೆ ಏನೋ.

"ಇದನ್ನ ಕನ್ನಡದಾಗ ಬರದಿದ್ರ ಆವತ್ತ ಕೊಡತಿದ್ದೆ," ಎಂದೆ.

"ಖರೇನ?"

"ಖರೇ ಅಂತ ಇಟಗೋರಿ. ಆದರ ನನ್ನ ಬಾಕಿ ನನಗಿಂತ ಮೊದಲ ಜವಳಿ ಅಂಗಡಿಗೆ ಹೆಂಗ ಹೋತು, ಅದನ್ನ ಹೇಳ್ರಿ."

ಡಾಕ್ಟರು ಕಂಪೌಂಡರನ ಕಡೆ ತಿರುಗಿದರು. ಮೂಲೆಯಲ್ಲಿ ಔಷಧ ಕುಟ್ಟುತ್ತಿದ್ದ ಅವನ ಕುಟ್ಟಾಣಿಯ ಸಪ್ಪಳ ಒಮ್ಮೆಲೇ ಜೋರಾಯಿತು.

ಎರಡು ರೂಪಾಯಿ ಎಣಿಸಿ ಕೊಟ್ಟೆ. ರಸೀದಿ ಬರೆಸಿಕೊಂಡೆ, ಕನ್ನಡದಲ್ಲಿ. ಅಂಗಡಿಗೆ ಬಂದು ಅದನ್ನು ಸಾವಕಾರರ ಗಾದಿಯ ಮೇಲೆ ಇಟ್ಟೆ. ಅವರು ಎರಡು ಸಲ ಓದಿ, ಮೇಲಕ್ಕೆ ಕೈ ಚಾಚಿ, "ಇಲ್ಲೊಂದು ಗಂಟು ಉಳದಿತ್ತು ನೋಡ್ರಿ, ಈಗ ಕಣ್ಣಿಗೆ ಬಿತ್ತು," ಎಂದರು. ನಾಚಿಕೆಯೂ ಇಲ್ಲ ಅವರಿಗೆ. ನೀಲವ್ವನಿಗೆ ದಾಳಿಂಬೆ ಬಣ್ಣದ ಸೀರೆ ಆಯಿತು. ಗಂಗವ್ವ ತನಗೂ ಒಂದು ಒಳ್ಳೆಯದನ್ನೇ ಆರಿಸಿಕೊಂಡಳು. (ಅದರ ರೊಕ್ಕ ಕೊಡುವವಳು ನಾನು. ಆಡಿದ ಮಾತಿನ ಕೂಲಿ ಎಂದುಕೊಂಡೆ.) ಎಲ್ಲವೂ ಉದ್ರಿ, ಹತ್ತಿ ಬಂದ ಮೇಲೆ ಕೊಡುವುದು. ಚಕ್ಕಡಿ ಭರ್ತಿಯಾಗಿ ಮುನವಳ್ಳಿಗೆ ಹೋಯಿತು. ನನಗೆ ಸಮಾಧಾನವಾಯಿತು, ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಈಗ ನನ್ನ ತಕರಾರು ಕೇಳಿ.

ಸೀರೆ ಬೇಡವಾದರೆ ಅಂಗಡಿಯ ಮುಂದೆ ಹಾಯದೆ ಇರಬಹುದು. ಕೆಮ್ಮು ನಮ್ಮನ್ನು ಕೇಳಿ ಬರುತ್ತದೆಯೇ? ಹಾಸಿಗೆ ಹಿಡಿದವಳು ಡಾಕ್ಟರ ಹತ್ತಿರ ದರ ಕೇಳುತ್ತಾಳೆಯೇ? ಸೀರೆ ಉಟ್ಟು ಹರಿದು ರೊಕ್ಕ ಮುಳುಗಿಸಿದವಳೂ, ಎದೆ ಕಟ್ಟಿದಾಗ ಬಂದ ಬಿಲ್ಲನ್ನು ತಪ್ಪು ತಿಳಿದವಳೂ ಸಾವಕಾರರಿಗೆ ಒಂದೇ ಹೇಗಾದರು?

ನಮ್ಮ ಹಳೆಯ ವೈದ್ಯರಿಗೆ ನಾವು ರೋಗಿ ಎದ್ದು ನೀರು ಎರೆದುಕೊಂಡ ದಿನ ಕಾಣಿಕೆ ಮುಟ್ಟಿಸುತ್ತಿದ್ದೆವು. ಮುಟ್ಟಿಸದಿದ್ದರೆ ಅವರು ಯಾರ ಮುಂದೂ ಬಾಯಿ ಬಿಡುತ್ತಿರಲಿಲ್ಲ. (ಹಳೆಯ ಕಾಲವೇ ಚೆಂದ ಎನ್ನುವವಳು ನಾನಲ್ಲ. ಅವರ ಭಸ್ಮ ತಿಂದು ಎರೆದುಕೊಳ್ಳುವ ದಿನವನ್ನೇ ಕಾಣದೆ ಹೋದವರೂ ನಮ್ಮ ಮನೆಯಲ್ಲಿದ್ದಾರೆ.) ಹೊಸ ಡಾಕ್ಟರ ಕೈಗುಣ ಚೆನ್ನಾಗಿದೆ. ಅವರಿಗೂ ಹೆಂಡತಿ ಮಕ್ಕಳಿದ್ದಾರೆ, ಅವರ ರೊಕ್ಕ ಅವರಿಗೆ ಸೇರಲೇಬೇಕು. ಸೇರದಿದ್ದರೆ ಮನೆಗೆ ಬಂದು ಕೇಳಲಿ, ಬಾಗಿಲಲ್ಲಿ ಕುಳಿತು ಕೇಳಲಿ. ಅದು ಅವರ ಹಕ್ಕು.

ಆದರೆ ಆ ಸುದ್ದಿ ಜವಳಿ ಅಂಗಡಿಯ ಕಟ್ಟೆಗೆ ಯಾಕೆ ಬರಬೇಕು? ನಮ್ಮ ಓಣಿಯಲ್ಲಿ ಒಬ್ಬಳು ಮೂರು ದಿನ ಜ್ವರದಲ್ಲಿ ಬೆಂದರೂ ಡಾಕ್ಟರನ್ನು ಕರೆಸಲಿಲ್ಲ. ಬಿಲ್ಲು ಬಾಕಿ ಉಳಿದರೆ ಕಿರಾಣಿ ಅಂಗಡಿಯಲ್ಲಿ ಜೋಳದ ಉದ್ರಿ ನಿಂತೀತು ಎಂಬ ಹೆದರಿಕೆ. ಬದುಕಿಕೊಂಡಳು, ಅದು ಅವಳ ದೈವ. ಎಲ್ಲರ ದೈವ ಹಾಗೆಯೇ ಇರುತ್ತದೆಯೇ?

ಮೊನ್ನೆ ಮದುವೆಯ ಎಣ್ಣೆಗೆ ಹೇಳಿ ಬರಲು ಗಾಣದ ಶಿವವ್ವನ ಮನೆಗೆ ಹೋಗಿದ್ದೆ. ಆಕೆ ಎಣ್ಣೆಯ ಮಾತು ಬಿಟ್ಟು, "ಆಯಿ, ಡಾಕ್ಟರ ಬಾಕಿ ಇನ್ನೂ ಕೊಟ್ಟಿಲ್ಲಂತ?" ಎಂದಳು.

"ಕೊಟ್ಟು ಐದು ದಿನ ಆತು."

"ಹೌದೇನ್ರಿ? ಅದನ್ನ ಯಾರೂ ಹೇಳಲಿಲ್ಲ ನೋಡ್ರಿ."

ಬಾಕಿ ಉಳಿಸಿದ್ದನ್ನು ಮನೆ ಮನೆಗೆ ಮುಟ್ಟಿಸಿದವರು, ತೀರಿಸಿದ್ದನ್ನೂ ಅಷ್ಟೇ ಮನೆಗೆ ಮುಟ್ಟಿಸಬೇಕೋ ಬೇಡವೋ?